ಬೇಸಿಗೆಯಲ್ಲೂ ಹರಿಯುವ ನಾಲಾ: ಪೊವಾಯಿ ಕೆರೆ ಮತ್ತು ನಾಗರಿಕ ಸಂಘಗಳ ಕೆಲಸ

ಕೇಳುಗರಿಗೆ ನಮಸ್ಕಾರ.

ಚಿತ್ತಾ ಮಳೆ ಮುಗಿಯಿತೆಂದರೆ ಮುಂಬಯಿಗೆ ಮತ್ತೆ ಮಳೆ ಮೃಗಶಿರಕ್ಕೇ. ನಡುವಿನ ಏಳು ತಿಂಗಳು ಲೆಕ್ಕಕ್ಕೆ ಸಿಗುವಷ್ಟು ಮಳೆಯಿಲ್ಲ. ಗುಡ್ಡದಿಂದ ಇಳಿಯುವ ಸಣ್ಣ ಹಳ್ಳಗಳೂ ಬೇಸಿಗೆಗೆ ಮೊದಲೇ ಬತ್ತುತ್ತವೆ. ಹಾಗಿದ್ದೂ ಫೆಬ್ರವರಿ, ಮಾರ್ಚಿನ ಬೆಳಿಗ್ಗೆ ಪೊವಾಯಿ ಕೆರೆಯ ದಂಡೆ ಸುತ್ತಿ ಬಂದರೆ, ಮಳೆನೀರಿಗೆಂದು ಕಟ್ಟಿದ ನಾಲಾಗಳಲ್ಲಿ ನೀರು ಹರಿದು ಕೆರೆ ಸೇರುವುದು ಕಾಣುತ್ತದೆ. ಮಳೆಯದಲ್ಲ ಅಂದಮೇಲೆ ಅದು ಮನೆಗಳದ್ದು: ಬಚ್ಚಲಿನದು, ಪಾತ್ರೆ ತೊಳೆದದ್ದು, ಶೌಚಾಲಯದ್ದು. ಅಪರೂಪಕ್ಕೆ ಎಲ್ಲೋ ಒಡೆದ ಕುಡಿಯುವ ನೀರಿನ ಪೈಪಿನದೂ ಇರಬಹುದು. ವಾಸನೆ, ನೊರೆ, ಬೂದು ಬಣ್ಣ ನೋಡಿದರೆ ಯಾವುದೆಂದು ತಿಳಿಯುತ್ತದೆ. ಕೆರೆ ಉಳಿಸಲು ಹೊರಟ ಸಂಘ ಮೊದಲು ಹೋಗಿ ನಿಲ್ಲಬೇಕಾದ ಜಾಗ ಈ ನಾಲಾ ಬಾಯಿ.

ಪೊವಾಯಿ ಕೆರೆಯನ್ನು ಬ್ರಿಟಿಷರ ಕಾಲದಲ್ಲಿ, 1891ರಲ್ಲಿ, ಕುಡಿಯುವ ನೀರಿಗೆಂದೇ ಒಡ್ಡು ಹಾಕಿ ಕಟ್ಟಿದರು. ಪಕ್ಕದಲ್ಲೇ ಇರುವ ವಿಹಾರ ಕೆರೆ 1860ರದು, ತುಳಸಿ ಕೆರೆ 1879ರದು. ವಿಹಾರ ಮತ್ತು ತುಳಸಿಯ ನೀರನ್ನು ಮುಂಬಯಿ ಇಂದಿಗೂ ಕುಡಿಯುತ್ತಿದೆ. ಪೊವಾಯಿಯದನ್ನು ಕುಡಿಯುವಂತಿಲ್ಲ. ಅದೇ ಗುಡ್ಡಸಾಲು, ಅದೇ ಮಳೆ. ಆದರೆ ಆ ಎರಡು ಕೆರೆಗಳಿಗೆ ನೀರು ಬರುವ ನೆಲ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು; ಪೊವಾಯಿಗೆ ನೀರು ಬರುವ ನೆಲದಲ್ಲಿ ರಸ್ತೆ, ಸೊಸೈಟಿ, ಚಾಳು, ಕಾರ್ಖಾನೆ. ಕೆರೆ ಎಂದಾಗ ನೀರಿನ ಹಾಳೆಯೊಂದೇ ಕಣ್ಣಿಗೆ ಬರುವುದು ಸಹಜ. ಕೆಲಸ ಇರುವುದು ಮಾತ್ರ ಅದರ ಮೇಲ್ಗಡೆಯ ಇಳಿಜಾರಿನಲ್ಲಿ.

ನಾಲಾದಲ್ಲಿ ಎಷ್ಟು ನೀರು ಬರುತ್ತಿದೆ ಎಂದು ಅಳೆಯಲು ಯಂತ್ರ ಬೇಡ. ಬೇಕಾದದ್ದು ಟೇಪು, ಗಡಿಯಾರ, ಒಂದು ನಿಂಬೆಹಣ್ಣು. ನಾಲಾ ನೇರವಾಗಿರುವ ಕಡೆ ಹತ್ತು ಮೀಟರ್ ಗುರುತು ಹಾಕಿ. ನೀರಿನ ಅಗಲ ಅಳೆಯಿರಿ. ಆಳವನ್ನು ಮೂರು ಕಡೆ ನೋಡಿ ಸರಾಸರಿ ತೆಗೆಯಿರಿ. ಮೇಲಿನ ಗುರುತಿಗಿಂತ ತುಸು ಹಿಂದೆ ನಿಂಬೆಹಣ್ಣು ಬಿಟ್ಟು, ಹತ್ತು ಮೀಟರ್ ದಾಟಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಮೂರು ಸಲ ನೋಡಿ. ಅಗಲ 60 ಸೆಂಟಿಮೀಟರ್, ಆಳ 10 ಸೆಂಟಿಮೀಟರ್, ಹಿಡಿದ ಹೊತ್ತು 20 ಸೆಕೆಂಡು ಎಂದುಕೊಳ್ಳೋಣ. ವೇಗ ಸೆಕೆಂಡಿಗೆ ಅರ್ಧ ಮೀಟರ್. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 30 ಲೀಟರ್. ತಳದ ನೀರು ಮೇಲಿನದಕ್ಕಿಂತ ನಿಧಾನ, ಹಾಗಾಗಿ 0.85ರಿಂದ ಮತ್ತೆ ಗುಣಿಸಿ. ಸುಮಾರು 25 ಲೀಟರ್ ಉಳಿಯಿತು. ಮೊಣಕಾಲೂ ಮುಳುಗದ ಈ ಹರಿವು ಗಂಟೆಗೆ 90,000 ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ಒಂಬತ್ತು ಟ್ಯಾಂಕರ್. ವಾರ್ಡ್ ಕಚೇರಿಯ ಮೇಜಿನ ಮೇಲೆ "ಕೆರೆ ಗಬ್ಬು ನಾರುತ್ತಿದೆ" ಎಂಬ ಮಾತಿಗಿಂತ ಈ ಒಂಬತ್ತು ಟ್ಯಾಂಕರಿನ ಮಾತಿಗೆ ತೂಕ ಹೆಚ್ಚು.

ಅಳೆಯುವ ಹೊತ್ತೂ ಮುಖ್ಯ. ಮನೆಗಳಲ್ಲಿ ಸ್ನಾನ, ಅಡುಗೆ ನಡೆಯುವ ಬೆಳಗಿನ ಏಳರಿಂದ ಒಂಬತ್ತರವರೆಗೆ ಹರಿವು ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಒಂದೇ ನಾಲಾವನ್ನು ದಿನಕ್ಕೆ ಮೂರು ಹೊತ್ತು ನೋಡಬೇಕು. ಹರಿವು ಹೀಗೆ ಮನೆಗಳ ದಿನಚರಿಯ ಜೊತೆ ಏರಿಳಿದರೆ ಅದು ಕೊಳಚೆ ಎನ್ನಲು ಇನ್ನೊಂದು ಆಧಾರ ಸಿಕ್ಕಿತು. ಒಡೆದ ಪೈಪಿನ ನೀರು ಬರುವುದು ನಲ್ಲಿಗೆ ನೀರು ಬಿಡುವ ಹೊತ್ತಿಗೆ ತಕ್ಕಂತೆ.

ಇನ್ನು ಕೆರೆಯ ನೀರು. ಮೀನಿಗೆ ಬೇಕಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೀನು, ವನ್ಯಜೀವಿಗಳ ನೀರಿಗೆ ಹಾಕಿದ ಕನಿಷ್ಠ ಮಿತಿ ಲೀಟರಿಗೆ 4 ಮಿಲಿಗ್ರಾಂ. ಬಹಳ ಸಂಘಗಳು ಇಲ್ಲಿ ಎಡವುತ್ತವೆ: ಹನ್ನೊಂದು ಗಂಟೆಗೆ ಬಂದು ನೀರು ತುಂಬಿಕೊಳ್ಳುತ್ತಾರೆ. ಬಿಸಿಲಿರುವಾಗ ಪಾಚಿ ಆಮ್ಲಜನಕ ಬಿಡುತ್ತಲೇ ಇರುತ್ತದೆ, ಅಂಕಿ ಚೆನ್ನಾಗಿಯೇ ಬರುತ್ತದೆ. ರಾತ್ರಿಯಿಡೀ ಅದೇ ಪಾಚಿಯೂ ತಳದ ಕೆಸರೂ ಅದನ್ನು ತಿಂದು ಹಾಕುತ್ತವೆ. ನಿಜವಾದ ಕಷ್ಟ ಕಾಣುವುದು ನಸುಕಿನಲ್ಲಿ. ಸೂರ್ಯ ಹುಟ್ಟುವ ಹೊತ್ತಿನ ಅಂಕಿಯೇ ಅಂಕಿ.

ಪರೀಕ್ಷೆಗೆ ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಗಂಧಕಾಮ್ಲದ ಕೆಲಸ ಇದೆ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ನೀರಿನೊಳಗೇ ತುಂಬಿ, ನೀರಿನೊಳಗೇ ಮುಚ್ಚಳ ಹಾಕಬೇಕು. ಒಂದು ಗುಳ್ಳೆ ಉಳಿದರೂ ಗಾಳಿಯ ಆಮ್ಲಜನಕ ಸೇರಿ ಲೆಕ್ಕ ಕೆಡುತ್ತದೆ. ದಂಡೆಯಲ್ಲೇ ನಿಂತು 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಮತ್ತೆ 2 ಮಿಲಿಲೀಟರ್ ಕ್ಷಾರೀಯ ಅಯೊಡೈಡ್ ಅಜೈಡ್ ದ್ರಾವಣವನ್ನು ಪಿಪೆಟಿನ ತುದಿ ನೀರಿನಲ್ಲಿ ಮುಳುಗುವಂತೆ ಹಿಡಿದು ಬಿಡಿ. ಮುಚ್ಚಿ, ಹಲವು ಸಲ ತಲೆಕೆಳಗು ಮಾಡಿ. ಕಂದು ಬಣ್ಣದ ಗಸಿ ಎದ್ದರೆ ಆಮ್ಲಜನಕ ಇದೆ. ಗಸಿ ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಉಸಿರಿಲ್ಲ. ಮುಂದಿನ ಲೆಕ್ಕವೇ ಬೇಡ. ಗಸಿ ತಳಕ್ಕಿಳಿದ ಮೇಲೆ 2 ಮಿಲಿಲೀಟರ್ ಗಂಧಕಾಮ್ಲ ಹಾಕಿದರೆ ಕರಗಿ ಹೊನ್ನಿನ ಬಣ್ಣ ಬರುತ್ತದೆ. ಅದರಲ್ಲಿ 200 ಮಿಲಿಲೀಟರ್ ತೆಗೆದು, 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡಿ. ಬಣ್ಣ ತಿಳಿ ಹಳದಿಯಾದಾಗ ಪಿಷ್ಟದ ದ್ರಾವಣ ಸೇರಿಸಿದರೆ ನೀಲಿಯಾಗುತ್ತದೆ. ನೀಲಿ ಮಾಯವಾಗುವವರೆಗೆ ಮುಂದುವರಿಸಿ. ಎಷ್ಟು ಮಿಲಿಲೀಟರ್ ಖರ್ಚಾಯಿತೋ ಲೀಟರಿಗೆ ಅಷ್ಟೇ ಮಿಲಿಗ್ರಾಂ ಆಮ್ಲಜನಕ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಬಾರದು.

ಮೊದಲ ಮಳೆಯ ದಿನಗಳನ್ನು ವಿಶೇಷವಾಗಿ ಕಾಯಬೇಕು. ಬೇಸಿಗೆಯಿಡೀ ನಾಲಾದ ತಳದಲ್ಲಿ ಕೂತ ಕೆಸರು ಜೂನಿನಲ್ಲಿ ಒಮ್ಮೆಗೇ ಕೆರೆಗೆ ಬೀಳುತ್ತದೆ, ಮೇಲೆ ಮೋಡ ಮುಚ್ಚಿರುತ್ತದೆ, ಪಾಚಿಗೆ ಬಿಸಿಲಿಲ್ಲ. ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದೇ ಎಚ್ಚರಿಕೆ. ಮಳೆಗೆ ಮುಂಚೆ ನಾಲಾದ ಹೂಳೆತ್ತಿ, ಎತ್ತಿದ್ದನ್ನು ಅಂಚಿನಲ್ಲೇ ಬಿಡದೆ ಸಾಗಿಸಿದ್ದರೆ ಈ ಪೆಟ್ಟು ಕಡಿಮೆಯಾಗುತ್ತದೆ.

ಜಲಪರ್ಣಿಯ ಮಾತಿಗೆ ಬರೋಣ. ನೇರಳೆ ಹೂವಿನ ಈ ತೇಲುಕಳೆ ದಕ್ಷಿಣ ಅಮೆರಿಕದ್ದು. ಕೊಳಚೆಯ ಸಾರಜನಕ, ರಂಜಕ ಸಿಕ್ಕಿದರೆ ಎರಡು ವಾರಕ್ಕೆಲ್ಲ ಇಮ್ಮಡಿಯಾಗಬಲ್ಲದು. ಅದರ ಬೀಜ ಕೆಸರಿನಲ್ಲಿ ಹದಿನೈದು ವರ್ಷ ಮೀರಿ ಜೀವ ಹಿಡಿದಿರುತ್ತದೆ. ಹಾಗಾಗಿ ಒಂದು ಭಾನುವಾರದ ಶ್ರಮದಾನದಿಂದ ಅದು ಹೋಗದು. ತೆಗೆಯುವುದಿದ್ದರೆ ಹೂ ಬಿಡುವ ಮೊದಲೇ ತೆಗೆಯಿರಿ. ಗಾಳಿ ಅದನ್ನು ಯಾವ ದಂಡೆಗೆ ತಳ್ಳುತ್ತದೋ ಅಲ್ಲೇ ಹಗ್ಗಕ್ಕೆ ಖಾಲಿ ಡಬ್ಬಗಳನ್ನು ಪೋಣಿಸಿ ಅಡ್ಡ ಕಟ್ಟಿದರೆ ತಪ್ಪಿಸಿಕೊಳ್ಳುವುದಿಲ್ಲ. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮೇಲೆ ನೀರೇ ಇರುವುದರಿಂದ ಕೆಲವು ದಿನ ಒಣಗಿಸಿ ಸಾಗಿಸಿದರೆ ಲಾರಿ ಬಾಡಿಗೆ ಉಳಿಯುತ್ತದೆ. ಒಣಗಿಸುವ ಜಾಗ ನೀರಂಚಿನಿಂದ ದೂರವಿರಲಿ. ಅಂಚಿನಲ್ಲೇ ರಾಶಿ ಹಾಕಿದರೆ ಒಂದು ಮಳೆಗೆ ಎಲ್ಲ ವಾಪಸು. ಕಾರ್ಖಾನೆಯ ನೀರು ಸೇರುವ ಕಡೆ ಬೆಳೆದದ್ದು ಸೀಸದಂಥ ಲೋಹಗಳನ್ನು ಹೀರಿಕೊಂಡಿರಬಹುದು. ಅದರ ಗೊಬ್ಬರ ತರಕಾರಿ ಗಿಡಕ್ಕೆ ಬೇಡ.

ಕೆರೆಯಲ್ಲಿ ಮೊಸಳೆಗಳಿವೆ. ಅವು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಂಡೆಯ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಆಗ ಅರಣ್ಯ ಇಲಾಖೆಯನ್ನು ಕೇಳದೆ ದಂಡೆ ಅಗೆಯುವುದು, ಜೆಸಿಬಿ ಇಳಿಸುವುದು ಸಲ್ಲದು. ಕಳೆಯನ್ನೂ ಪೂರ್ತಿ ಬೋಳಿಸಬೇಡಿ. ದೇವನಕ್ಕಿ, ಜಂಬುಕೋಳಿಗಳು ತೇಲುವ ಎಲೆ, ಜೊಂಡುಗಳ ನಡುವೆಯೇ ಗೂಡು ಕಟ್ಟುವುದು.

ದಂಡೆಯ ವಿಷಯದಲ್ಲಿ ಕಾನೂನಿನ ಬಲ ಇದೆ. 2017ರ ಜೌಗುಪ್ರದೇಶ ನಿಯಮಗಳು ಒತ್ತುವರಿ, ಕಸ ಸುರಿಯುವುದು, ಶುದ್ಧೀಕರಿಸದ ಕೊಳಚೆ ಬಿಡುವುದನ್ನು ನಿಷೇಧಿಸುತ್ತವೆ. ಪೊವಾಯಿ ಕೆರೆಯಂಚಿನ ಸೈಕಲ್ ದಾರಿಯ ಕಾಮಗಾರಿಯನ್ನು 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಅಕ್ರಮವೆಂದು ಸಾರಿ, ಹಾಕಿದ್ದನ್ನು ತೆಗೆದು ನೆಲವನ್ನು ಮೊದಲಿನಂತೆ ಮಾಡಲು ಹೇಳಿತು. ಅರ್ಜಿದಾರರಲ್ಲಿ ಐಐಟಿಯ ಸಂಶೋಧನಾ ವಿದ್ಯಾರ್ಥಿಗಳೂ ಇದ್ದರು.

ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ಒಂದು ಮಾತು ನೆನಪಿರಲಿ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ. ಮಳೆನೀರಿನ ನಾಲಾ, ಕೊಳಚೆ ಪೈಪು, ಕೆರೆಯ ನಿರ್ವಹಣೆ, ಮೂರನ್ನೂ ಒಂದೇ ಕಾಗದದಲ್ಲಿ ತುರುಕಿದರೆ ಅರ್ಜಿ ಅಲ್ಲಿಂದಿಲ್ಲಿಗೆ ತಿರುಗುತ್ತದೆ. ಮೂರು ಅರ್ಜಿ ಹಾಕಿ. "ಕ್ರಮ ಏಕೆ ಕೈಗೊಂಡಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ಇಂಥ ನಾಲಾಕ್ಕೆ ಸೇರಿದ ಕೊಳಚೆ ಸಂಪರ್ಕಗಳ ನಕ್ಷೆ, ಕಾಮಗಾರಿಯ ಆದೇಶ, ಅಳತೆ ಪುಸ್ತಕದ ಪ್ರತಿ ಎಂದು ದಾಖಲೆಯ ಹೆಸರು ಹಿಡಿದು ಕೇಳಿ. ಕಾಯ್ದೆಯ 2(ಜೆ) ಕಲಂ ಕೆಲಸವನ್ನು ಸ್ಥಳದಲ್ಲೇ ಪರಿಶೀಲಿಸುವ ಹಕ್ಕನ್ನೂ ಕೊಡುತ್ತದೆ. ಅದನ್ನು ಬಳಸುವವರು ಕಡಿಮೆ, ಬಳಸಬೇಕು.

ಒಂದು ನಾಲಾವನ್ನು ಕೊಳಚೆ ಪೈಪಿಗೆ ತಿರುಗಿಸಿದ ಮೇಲೂ ಕೆರೆ ಮರುವರ್ಷವೇ ತಿಳಿಯಾಗುವುದಿಲ್ಲ. ತಳದ ಕೆಸರಿನಲ್ಲಿ ಕೂತ ರಂಜಕ ವರ್ಷಗಟ್ಟಲೆ ನೀರಿಗೆ ಬಿಡುಗಡೆಯಾಗುತ್ತಿರುತ್ತದೆ. ಪಾಚಿ ಮತ್ತೆ ಬಂತೆಂದು ಸದಸ್ಯರು ಕೈಚೆಲ್ಲುವುದು ಈ ಹಂತದಲ್ಲೇ. ನಾಲಾ ನಿಜವಾಗಿ ನಿಂತಿದೆಯೇ ಎಂಬುದನ್ನು ಪ್ರತಿ ಫೆಬ್ರವರಿಯಲ್ಲಿ ಅದೇ ಗುರುತಿನ ನಡುವೆ, ಅದೇ ಹೊತ್ತಿಗೆ ಅಳೆದು ನೋಡಿ. ತಿಂಗಳಿಗೊಮ್ಮೆ ನಸುಕಿನ ಆಮ್ಲಜನಕದ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಡಿ. ಪದಾಧಿಕಾರಿಗಳು ಬದಲಾದಾಗ ಆ ಪುಸ್ತಕವನ್ನೂ ಹೊಸಬರ ಕೈಗೆ ಸಹಿ ಹಾಕಿಸಿ ಕೊಡಿ.

ನಮಸ್ಕಾರ.