ದೂರು ಹೇಳದ ನಾಯಿಗಳ ಪರವಾಗಿ

ನಮಸ್ಕಾರ. ಅಂಗವಿಕಲರಿಗೆ ನೆರವಾಗಿ ದುಡಿಯುವ ನಾಯಿಗಳ ಯೋಗಕ್ಷೇಮದ ಬಗ್ಗೆ ಇಂದು ಮಾತನಾಡಲು ಬಯಸುತ್ತೇನೆ. ಅಂಧರನ್ನು ದಾರಿಯ ಅಡೆತಡೆಗಳಿಂದ ತಪ್ಪಿಸಿ ನಡೆಸುವ, ಕಿವುಡರಿಗೆ ಕರೆಗಂಟೆ ಬಾರಿಸಿದ್ದನ್ನು ತಿಳಿಸುವ, ಗಾಲಿಕುರ್ಚಿಯಲ್ಲಿರುವವರಿಗೆ ಕೆಳಗೆ ಬಿದ್ದ ವಸ್ತುವನ್ನು ಎತ್ತಿಕೊಡುವ ಈ ನಾಯಿಗಳ ಕುರಿತು ನಾವು ಕೇಳುವ ಕಥೆಗಳು ಹೆಚ್ಚಾಗಿ ಅವುಗಳ ನಿಷ್ಠೆಯನ್ನು ಹೊಗಳುವುದರಲ್ಲಿಯೇ ಮುಗಿದುಹೋಗುತ್ತವೆ. ಆ ಹೊಗಳಿಕೆ ಸುಳ್ಳಲ್ಲ. ಆದರೆ ಯಾವ ಸಹನೆಗಾಗಿ ಈ ನಾಯಿಗಳನ್ನು ಆರಿಸಿಕೊಳ್ಳುತ್ತೇವೆಯೋ, ಅದೇ ಸಹನೆ ಅವುಗಳ ಸಂಕಟವನ್ನು ನಮ್ಮಿಂದ ಮರೆಮಾಡುತ್ತದೆ ಎಂಬುದು ನನ್ನ ಆತಂಕ.

ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಆರಂಭವಾಯಿತು; 1929ರಲ್ಲಿ ಅಮೆರಿಕದಲ್ಲಿ ‘ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು. ಅಂದಿನಿಂದ ಈ ಕೆಲಸದ ಪದ್ಧತಿ ಬಹಳಷ್ಟು ಮಾಗಿದೆ. ಮರಿಗಳು ಸ್ವಯಂಸೇವಕರ ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬೆಳೆಯುತ್ತವೆ, ನಂತರ ತಿಂಗಳುಗಟ್ಟಲೆ ತರಬೇತಿ ಪಡೆಯುತ್ತವೆ, ಮತ್ತು ಅವುಗಳಲ್ಲಿ ಎಷ್ಟೋ ನಾಯಿಗಳು ಕೊನೆಯವರೆಗೆ ಉಳಿಯುವುದಿಲ್ಲ. ಸದ್ದಿಗೆ ಬೆಚ್ಚುವ, ಇತರ ನಾಯಿಗಳನ್ನು ಕಂಡರೆ ಬೊಗಳುವ, ಊಟದ ಮೇಜಿನ ಕೆಳಗೆ ಗಂಟೆಗಟ್ಟಲೆ ಸುಮ್ಮನೆ ಮಲಗಲಾರದ ನಾಯಿಗಳನ್ನು ಕೈಬಿಡಲಾಗುತ್ತದೆ. ಉಳಿಯುವುದು ಎಲ್ಲವನ್ನೂ ಸಹಿಸಿಕೊಳ್ಳುವ ನಾಯಿ. ಅದಕ್ಕೆ ಕಷ್ಟವಾದಾಗ ಅದು ಗುರುಗುಟ್ಟುವುದಿಲ್ಲ. ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಮುಖವನ್ನು ಪಕ್ಕಕ್ಕೆ ತಿರುಗಿಸುತ್ತದೆ, ನಡಿಗೆಯನ್ನು ಸ್ವಲ್ಪವೇ ನಿಧಾನಗೊಳಿಸುತ್ತದೆ. ಕಣ್ಣು ಕಾಣದ ಒಡೆಯರಿಗೆ ಇವುಗಳಲ್ಲಿ ಬಹುಪಾಲು ತಿಳಿಯುವುದೇ ಇಲ್ಲ. ಕಣ್ಣಿರುವ ನಮಗಾದರೂ ಎಷ್ಟು ತಿಳಿಯುತ್ತದೆ?

ಮಾರ್ಗದರ್ಶಿ ನಾಯಿಗೆ ಕಲಿಸುವ ಪಾಠಗಳಲ್ಲಿ ಅತ್ಯಂತ ಕಠಿಣವಾದದ್ದು ಆಜ್ಞೆಯನ್ನು ಮೀರುವುದು. ‘ಮುಂದೆ ನಡೆ’ ಎಂದು ಹೇಳಿದರೂ, ಎದುರಿನಿಂದ ವಾಹನ ಬರುತ್ತಿದ್ದರೆ ಅದು ಕದಲದೆ ನಿಲ್ಲಬೇಕು. ಇದನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಆದರೆ ಮನುಷ್ಯನ ಪ್ರಾಣಕ್ಕಾಗಿ ‘ಇಲ್ಲ’ ಎನ್ನಲು ಕಲಿತ ಆ ಪ್ರಾಣಿಗೆ, ತನ್ನ ದಣಿವಿನ ಸಲುವಾಗಿ ‘ಇಲ್ಲ’ ಎನ್ನುವ ದಾರಿಯೊಂದನ್ನು ಯಾರಾದರೂ ಕಲಿಸಬೇಡವೇ? ಕಲಿಸಲಾಗದಿದ್ದರೆ ಅದರ ಪರವಾಗಿ ಆ ಮಾತನ್ನು ಹೇಳುವ ಹೊಣೆಯನ್ನು ಇನ್ನೊಬ್ಬರು ಹೊರಬೇಕಾಗುತ್ತದೆ.

ಅಂಧರ ನಾಯಿಯ ವಿಷಯದಲ್ಲಿ ಒಂದು ಅನುಕೂಲವಿದೆ: ಬೆನ್ನ ಮೇಲಿನ ಹಾರ್ನೆಸ್ ಬಿಚ್ಚಿದ ಕೂಡಲೇ ಕೆಲಸ ಮುಗಿಯಿತೆಂದು ಅದಕ್ಕೆ ಗೊತ್ತಾಗುತ್ತದೆ. ಆಟಿಸಂ ಇರುವ ಮಗುವಿನ ಜೊತೆಗಿರುವ ನಾಯಿಗೆ ಇಷ್ಟು ಸ್ಪಷ್ಟವಾದ ಗೆರೆ ಇರುವುದಿಲ್ಲ. ಮಗು ಥಟ್ಟನೆ ರಸ್ತೆಗೆ ಓಡಿಹೋಗದಿರಲಿ ಎಂದು ಎಷ್ಟೋ ಕಡೆ ಮಗುವಿನ ಸೊಂಟದ ಬೆಲ್ಟನ್ನು ನಾಯಿಗೆ ಕಟ್ಟಲಾಗುತ್ತದೆ, ನಾಯಿಯ ಹಗ್ಗ ತಂದೆ ಅಥವಾ ತಾಯಿಯ ಕೈಯಲ್ಲಿರುತ್ತದೆ, ಮತ್ತು ಮಗು ಜಗ್ಗಿದಾಗಲೆಲ್ಲ ಆ ಸೆಳೆತವನ್ನು ತಡೆದು ನಿಲ್ಲುವುದು ನಾಯಿಯ ಮೈ. ಮನೆಗೆ ಬಂದ ಮೇಲೂ ಅದೇ ಮಗು ಅದನ್ನು ಅಪ್ಪಿಕೊಳ್ಳುತ್ತದೆ, ರಾತ್ರಿ ಅದರ ಪಕ್ಕದಲ್ಲಿಯೇ ಮಲಗುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ಕುಟುಂಬಗಳನ್ನು ಹತ್ತಿರದಿಂದ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು, ಕೆಲಸದ ನಂತರ ಸುಧಾರಿಸಿಕೊಳ್ಳಲು ಸಮಯ ಸಿಗದಿರುವುದು, ಮಗುವಿನಿಂದ ಉದ್ದೇಶವಿಲ್ಲದೆಯೇ ಆಗುವ ನೋವು, ದಿನಚರಿಯಲ್ಲಿ ಕ್ರಮವಿಲ್ಲದಿರುವುದು ಮತ್ತು ಆಟಕ್ಕೆ ಅವಕಾಶ ಸಾಲದಿರುವುದನ್ನು ಗುರುತಿಸಿತು. ಆ ಮನೆಗಳಲ್ಲಿ ಪ್ರೀತಿಗೆ ಕೊರತೆ ಇತ್ತೆಂದು ನಾನು ಖಂಡಿತ ಭಾವಿಸುವುದಿಲ್ಲ. ಹಗಲಿರುಳು ಮಗುವನ್ನು ನೋಡಿಕೊಂಡು ಬಸವಳಿದ ತಾಯಿಗೆ, ನಾಯಿಯನ್ನು ಬಯಲಿಗೆ ಕರೆದೊಯ್ದು ಆಡಿಸುವ ಬಿಡುವು ಎಲ್ಲಿಂದ ಬರಬೇಕು?

ಆದ್ದರಿಂದಲೇ, ಅಂಗವಿಕಲರು ನಾಯಿಗಳನ್ನು ಶೋಷಿಸುತ್ತಿದ್ದಾರೆ ಎಂಬ ಆರೋಪವನ್ನು ನಾನು ಒಪ್ಪುವುದಿಲ್ಲ. ನಾಯಿಯ ಆರೋಗ್ಯ ಕೆಟ್ಟರೆ ಮೊದಲು ಸ್ವಾತಂತ್ರ್ಯ ಕಳೆದುಕೊಳ್ಳುವವರು ಅವರೇ. ನಾಯಿಯ ಹಿತವನ್ನು ಅದರ ಒಡೆಯರೊಬ್ಬರ ಒಳ್ಳೆಯತನಕ್ಕೆ ಬಿಟ್ಟು ಉಳಿದವರೆಲ್ಲ ಕೈತೊಳೆದುಕೊಳ್ಳುವುದೇ ತಪ್ಪು. ಜಪಾನಿನ 2002ರ ಸಹಾಯಕ ನಾಯಿಗಳ ಕಾನೂನು, ನಾಯಿಗೆ ಹಿಂಸೆಯಾಗದಂತೆ ಪ್ರೀತಿಯಿಂದ ನಡೆಸಿಕೊಳ್ಳಬೇಕೆಂದು ಬಳಸುವವರಿಗಷ್ಟೇ ಅಲ್ಲದೆ ತರಬೇತಿ ಕೊಡುವವರಿಗೂ ವಿಧಿಸುತ್ತದೆ, ಪಶುವೈದ್ಯರ ಮಾರ್ಗದರ್ಶನವನ್ನೂ ಕಡ್ಡಾಯಗೊಳಿಸುತ್ತದೆ. ಇಂಗ್ಲೆಂಡಿನಲ್ಲಿ 2014ರ ತಿದ್ದುಪಡಿಯ ನಂತರ, ತನ್ನ ನಾಯಿ ಸಹಾಯಕ ನಾಯಿಯನ್ನು ಕಚ್ಚಿ ಗಾಯಗೊಳಿಸಿದರೆ ಆ ಮಾಲೀಕನಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಇವು ಸರಿಯಾದ ದಿಕ್ಕಿನ ಹೆಜ್ಜೆಗಳು ಎಂದು ನಾನು ನಂಬುತ್ತೇನೆ, ಏಕೆಂದರೆ ಅಂತಹ ಒಂದು ದಾಳಿಯಿಂದ ಗಾಯ ವಾಸಿಯಾದ ಮೇಲೂ ಧೈರ್ಯ ಕಳೆದುಕೊಂಡ ನಾಯಿ ಮತ್ತೆ ಕೆಲಸಕ್ಕೆ ಮರಳಲಾಗದೇ ಹೋಗಬಹುದು.

ನಮ್ಮಲ್ಲಿಯೂ ಇಂತಹ ನಾಯಿಗಳು ಬೇಕೆಂಬ ಆಸೆ ಸಹಜವಾದದ್ದು. ನನಗೂ ಅದು ಇದೆ. ಆದರೆ ಬೆಂಗಳೂರಿನ ಫುಟ್‌ಪಾತುಗಳ ಕಿತ್ತುಹೋದ ಕಲ್ಲುಗಳನ್ನು, ಪ್ರತಿ ಬೀದಿಯಲ್ಲೂ ತನ್ನ ಗಡಿ ಕಾಯುವ ಬೀದಿನಾಯಿಗಳ ಗುಂಪನ್ನು, ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಟಾರು ರಸ್ತೆ ಬರಿಗಾಲಿಗೆ ಹೇಗಿರುತ್ತದೆ ಎಂಬುದನ್ನು ನೆನೆದರೆ, ಹಾದಿಯನ್ನು ಮೊದಲು ಸರಿಪಡಿಸದೆ ಲ್ಯಾಬ್ರಡಾರ್ ಒಂದನ್ನು ಅಲ್ಲಿ ದುಡಿಸುವುದು ಅನ್ಯಾಯವೆಂದೇ ನನಗೆ ತೋರುತ್ತದೆ. ಆ ಹಾದಿ ಸರಿಯಾದರೆ ಬಿಳಿಕೋಲು ಹಿಡಿದು ನಡೆಯುವವರಿಗೂ ಅಷ್ಟೇ ಉಪಕಾರವಾಗುತ್ತದೆ.

ಇನ್ನು ನಿವೃತ್ತಿಯ ಮಾತು. ಮಾರ್ಗದರ್ಶಿ ನಾಯಿಗಳು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಕೆಲಸ ಬಿಡುತ್ತವೆ, ಮತ್ತು ಕೀಲುನೋವಿನಂತಹ ಮುಪ್ಪಿನ ಕಾಯಿಲೆಗಳ ವೆಚ್ಚ ಏರತೊಡಗುವುದೂ ಆಗಲೇ. ಹೊಸ ನಾಯಿ ಬಂದ ಚಿಕ್ಕ ಮನೆಯಲ್ಲಿ ಹಳೆಯದಕ್ಕೂ ಜಾಗ ಮಾಡಿಕೊಡುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಜಪಾನಿನ ಸಪ್ಪೊರೊದಲ್ಲಿ ಹೊಕ್ಕೈಡೊ ಮಾರ್ಗದರ್ಶಿ ನಾಯಿಗಳ ಸಂಘವು ಇದನ್ನು ಬಹಳ ಹಿಂದೆಯೇ ಮನಗಂಡು, 1978ರಲ್ಲಿ ನಿವೃತ್ತ ನಾಯಿಗಳಿಗಾಗಿಯೇ ಒಂದು ವೃದ್ಧಾಶ್ರಮವನ್ನು ತೆರೆಯಿತು. ಎಲ್ಲ ಊರುಗಳಲ್ಲೂ ಅಂತಹ ಆಶ್ರಮ ಬೇಕೆಂದು ನಾನು ಹೇಳುತ್ತಿಲ್ಲ. ಮನೆಯೇ ಅದಕ್ಕಿಂತ ಒಳ್ಳೆಯದು. ಆದರೆ ನಾಯಿಗೆ ತರಬೇತಿ ಕೊಡಲು ದೇಣಿಗೆ ಸಂಗ್ರಹಿಸುವ ಯಾವುದೇ ಸಂಸ್ಥೆ, ಆ ನಾಯಿಯ ಕೊನೆಯ ವರ್ಷಗಳ ಆಹಾರ ಮತ್ತು ಚಿಕಿತ್ಸೆಯ ಹಣವನ್ನು ಮೊದಲ ದಿನವೇ ತನ್ನ ಲೆಕ್ಕದಲ್ಲಿ ಸೇರಿಸಬೇಕು, ಮತ್ತು ದೇಣಿಗೆ ಕೊಡುವ ನಾವು ಆ ಲೆಕ್ಕವನ್ನು ಕೇಳಿ ನೋಡಬೇಕು.