ಅರ್ಧ ಮಾತ್ರ ಇಂಗ್ಲಿಷಿಗೆ ಬಂದ ರಾಜ

ಕೇಳುಗರಿಗೆ ನಮಸ್ಕಾರ. ಜರ್ಮನ್ ಪದ್ಯದ ಒಬ್ಬ ಮಾಯಾವಿ ರಾಜನ ಹೆಸರು ಇಂಗ್ಲಿಷಿಗೆ ಹೋಗುವಾಗ ಏನೇನು ಪಾಡು ಪಟ್ಟಿತು ಎಂದು ಇವತ್ತು ಹೇಳುತ್ತೇನೆ. ಅವನ ಹೆಸರು ಎರ್ಲ್‌ಕೋನಿಗ್.

ಅವನಿಗೆ ಹೆಸರು ತಂದುಕೊಟ್ಟಿದ್ದು ಜರ್ಮನ್ ಕವಿ ಗಯಟೆ 1782ರಲ್ಲಿ ಬರೆದ ಪದ್ಯ. ಗಾಳಿ ಬೀಸುವ ರಾತ್ರಿ. ಅಪ್ಪ ಮಗುವನ್ನು ತಬ್ಬಿಕೊಂಡು ಕುದುರೆ ಓಡಿಸುತ್ತಿದ್ದಾನೆ. ಕಿರೀಟ ತೊಟ್ಟ ರಾಜನೊಬ್ಬ ಮಗುವಿಗೆ ಕಾಣುತ್ತಾನೆ, ಆಟಕ್ಕೆ ಕರೆಯುತ್ತಾನೆ. ಅಪ್ಪನಿಗೆ ಕಾಣುವುದು ಬರೀ ಮಂಜು. ಮನೆ ಮುಟ್ಟುವಷ್ಟರಲ್ಲಿ ಮಗು ಸತ್ತಿರುತ್ತದೆ.

ಕೋನಿಗ್ ಅಂದರೆ ರಾಜ, ಅದರಲ್ಲಿ ತಕರಾರಿಲ್ಲ. ತಕರಾರೆಲ್ಲ ಎರ್ಲ್ ಎಂಬ ತುಣುಕಿನದು. ಜರ್ಮನ್‌ನಲ್ಲಿ ಎರ್ಲೆ ಎಂದರೆ ಹೊಳೆ ದಂಡೆಯಲ್ಲಿ, ಜೌಗು ನೆಲದಲ್ಲಿ ಬೆಳೆಯುವ ಒಂದು ಮರ. ಇಂಗ್ಲಿಷಿನವರು ಅದನ್ನು ಆಲ್ಡರ್ ಎನ್ನುತ್ತಾರೆ. ಹಾಗಾದರೆ ಇವನು ಮರಗಳ ರಾಜನಾ? ಪದ್ಯದಲ್ಲಿ ಹುಡುಕಿದರೆ ಆ ಮರವೇ ಸಿಗುವುದಿಲ್ಲ. ಅಪ್ಪ ಬೆರಳು ತೋರಿಸುವುದು ಬೂದು ಬಣ್ಣದ ಹಳೆಯ ವಿಲೋ ಮರಗಳ ಕಡೆಗೆ!

ಈ ಗೋಜಲಿನ ಬೇರು ಡೆನ್ಮಾರ್ಕಿನಲ್ಲಿದೆ. ಅಲ್ಲಿನ ಒಂದು ಲಾವಣಿಯಲ್ಲಿ ಓಲುಫ್ ಎಂಬವನು ಮದುವೆಯ ಹಿಂದಿನ ರಾತ್ರಿ ಕುದುರೆ ಹತ್ತಿ ಹೊರಟಿರುತ್ತಾನೆ. ಎಲ್ಫ್‌ಗಳ ರಾಜನ ಮಗಳು ಕುಣಿಯೋಣ ಬಾ ಎನ್ನುತ್ತಾಳೆ. ಎಲ್ಫ್ ಅಂದರೆ ಅಲ್ಲಿನ ಜನಪದ ಕಥೆಗಳ ಮಾಯಾವಿ ಜೀವಿ. ಇವನು ಒಲ್ಲೆ ಎನ್ನುತ್ತಾನೆ. ಮರುದಿನ ಮದುವೆ ಮನೆಯಲ್ಲಿ ಅವನ ಹೆಣ. ಜನಪದ ಹಾಡುಗಳನ್ನು ಒಟ್ಟು ಮಾಡುತ್ತಿದ್ದ ಹೆರ್ಡರ್ ಇದನ್ನು ಜರ್ಮನ್‌ಗೆ ತಂದು, 1778-79ರಲ್ಲಿ ಪ್ರಕಟವಾದ ತನ್ನ ಸಂಗ್ರಹದಲ್ಲಿ ಸೇರಿಸಿದ. ಡೇನಿಷ್‌ನ 'ಎಲ್ಲರ್‌ಕೋಂಗೆ'ಯನ್ನು ಅವನು ಎರ್ಲ್‌ಕೋನಿಗ್ ಮಾಡಿದ. ಡೇನಿಷ್‌ನಲ್ಲಿ ಎಲ್ಫ್‌ಗೂ ಆ ಮರಕ್ಕೂ ಇರುವ ಶಬ್ದಗಳು ಕಿವಿಗೆ ಹೆಚ್ಚುಕಡಿಮೆ ಒಂದೇ. ಹೆರ್ಡರ್ ಮರವನ್ನು ಹಿಡಿದುಕೊಂಡ, ಎಲ್ಫ್ ಕೈತಪ್ಪಿತು. ಆಮೇಲೆ ಯಾಕೋಬ್ ಗ್ರಿಮ್‌ನಂಥ ಪಂಡಿತರು ಇದು ತಪ್ಪು ಎಂದು ಹೇಳಿದರು. ಅಷ್ಟು ಹೊತ್ತಿಗೆ ಗಯಟೆಯ ಪದ್ಯ ಎಲ್ಲರ ಬಾಯಲ್ಲಿತ್ತು.

ಈಗ ಇಂಗ್ಲಿಷ್ ಅನುವಾದಕ ಏನು ಮಾಡಬೇಕು? 1790ರ ದಶಕದಲ್ಲಿ ಮ್ಯಾಥ್ಯೂ ಲೂಯಿಸ್, ವಾಲ್ಟರ್ ಸ್ಕಾಟ್ ಇಬ್ಬರೂ ಈ ಪದ್ಯಕ್ಕೆ ಕೈ ಹಾಕಿದರು. ಇಬ್ಬರೂ ಇಟ್ಟ ಹೆಸರು 'ಎರ್ಲ್‌-ಕಿಂಗ್'. ಅರ್ಧ ಜರ್ಮನ್, ಅರ್ಧ ಇಂಗ್ಲಿಷ್. ಸ್ಕಾಟ್ ಅಂತೂ ಇವನು ತುರಿಂಗಿಯಾದ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಓಡಾಡುವ ಭೂತ ಎಂದು ಟಿಪ್ಪಣಿ ಬೇರೆ ಬರೆದ. ಬ್ಲ್ಯಾಕ್ ಫಾರೆಸ್ಟ್ ಇರುವುದು ಜರ್ಮನಿಯ ನೈಋತ್ಯ ಮೂಲೆಯಲ್ಲಿ, ತುರಿಂಗಿಯಾದಲ್ಲಿ ಅಲ್ಲ. ಇರಲಿ ಬಿಡಿ.

'ಎಲ್ಫ್ ಕಿಂಗ್' ಎಂದರೆ ಡೇನಿಷ್‌ಗೆ ನ್ಯಾಯ ಸಿಗುತ್ತದೆ ನಿಜ. ಆದರೆ ಇವತ್ತಿನ ಇಂಗ್ಲಿಷ್ ಮಗುವಿಗೆ ಎಲ್ಫ್ ಅಂದರೆ ಸಾಂಟಾಕ್ಲಾಸ್ ಹತ್ತಿರ ಆಟಿಕೆ ಮಾಡುವ ಹಸಿರು ಟೊಪ್ಪಿಯ ಪುಟಾಣಿ. ಅವನನ್ನು ಕಂಡು ಯಾರು ಹೆದರುತ್ತಾರೆ? 'ಆಲ್ಡರ್ ಕಿಂಗ್' ಎಂದರೆ ಪದ್ಯದಲ್ಲಿಲ್ಲದ ಮರ ಮುಂದೆ ಬಂದು ನಿಲ್ಲುತ್ತದೆ. ಹಾಗಂತ ಆ ಮರ ಸುಮ್ನೆ ಬಂದದ್ದು ಎನ್ನಲೂ ಮನಸ್ಸಾಗುವುದಿಲ್ಲ. ಅದನ್ನು ಕಡಿದರೆ ಬಿಳಿ ತಿರುಳು ನೋಡನೋಡುತ್ತಲೇ ಕೆಂಪಗಾಗುತ್ತದೆ, ರಕ್ತ ಜಿನುಗಿದಂತೆ. ಅದು ಬೆಳೆಯುವ ಕಡೆ ಮಂಜೂ ಜಾಸ್ತಿ. ಹೆರ್ಡರ್ ಹಿಡಿದ ಮರಕ್ಕೂ ದೆವ್ವದ ಕಳೆ ಇದೆ, ಅಲ್ವಾ?

ನನ್ನ ಓಟು ಸ್ಕಾಟನ ಎರ್ಲ್‌-ಕಿಂಗ್‌ಗೇ. ಎರ್ಲ್‌ಗೆ ಇಂಗ್ಲಿಷಿನಲ್ಲಿ ಅರ್ಥವಿಲ್ಲ. ಹಾಗಾಗಿಯೇ ಅವನು ಯಾರು ಎಂದು ಗೊತ್ತಾಗದೆ ಅಂಜಿಕೆ ಹುಟ್ಟುತ್ತದೆ. ಆ ಮಗುವಿನ ಅಪ್ಪನಿಗೂ ಗೊತ್ತಾಗಲಿಲ್ಲವಲ್ಲ. ಜರ್ಮನರೋ, ಮಾರುಕಟ್ಟೆಗೆ ಬರುವ ಮೊದಲು ವೇಷ ಹಾಕಿಕೊಂಡು ರಸ್ತೆಯಲ್ಲಿ ಓಡುವ ಹೊಸ ಕಾರಿಗೂ ಎರ್ಲ್‌ಕೋನಿಗ್ ಎಂದೇ ಕರೆಯುತ್ತಾರೆ!

ಹಾಡುವವರ ಕಷ್ಟ ಬೇರೆ. ಆಸ್ಟ್ರಿಯಾದ ಸಂಗೀತಗಾರ ಶೂಬರ್ಟ್ 1815ರಲ್ಲಿ ಈ ಪದ್ಯಕ್ಕೆ ರಾಗ ಕಟ್ಟಿದಾಗ ಅವನಿಗೆ 18 ವರ್ಷ. ಎರ್ಲ್‌ಕೋನಿಗ್ ಎನ್ನಲು ಮೂರು ಸ್ವರ ಬೇಕು, ಎರ್ಲ್‌-ಕಿಂಗ್‌ಗೆ ಎರಡು ಸಾಕು. ಉಳಿದ ಆ ಒಂದು ಸ್ವರಕ್ಕೆ ಇಂಗ್ಲಿಷಿನಲ್ಲಿ ಹಾಡುವವರು ಇನ್ನೊಂದು ಶಬ್ದ ಹುಡುಕಬೇಕು, ಇಲ್ಲವೇ ಒಂದನ್ನೇ ಎಳೆದು ಹಾಡಬೇಕು.