ವಿತ್ ಒಳಗೆ ಮತ್ತೊಂದು ವಿತ್: ಹಳೆಯ ಸ್ಥಿತಿಯನ್ನು ಎಲ್ಲಿಡಬೇಕು?

ಎಲ್ಲರಿಗೂ ನಮಸ್ಕಾರ. ಪ್ರೋಗ್ರಾಮಿಂಗ್ ಬಗ್ಗೆ ಕನ್ನಡದಲ್ಲಿ ಕೇಳೋಣ ಅಂತ ಇಷ್ಟು ಜನ ಹುಬ್ಬಳ್ಳಿಗೆ ಬಂದಿದ್ದೀರಿ. ಧಾರವಾಡ, ಗದಗ, ಹಾವೇರಿ ಕಡೆಯಿಂದ ಬೆಳಿಗ್ಗೆ ಬಸ್ ಹಿಡಿದು ಬಂದವರೂ ಇದ್ದೀರಿ. ನನಗೆ ತುಂಬಾ ಖುಷಿಯಾಗಿದೆ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪೈಥಾನ್‌ನ ವಿತ್ (with) ನಿಮಗೆಲ್ಲ ಗೊತ್ತು: ಕೆಲಸಕ್ಕೆ ಮೊದಲಿನ ತಯಾರಿಯನ್ನೂ ಮುಗಿದ ಮೇಲಿನ ಸರಿಪಡಿಸುವಿಕೆಯನ್ನೂ ತಾನೇ ನೋಡಿಕೊಳ್ಳುವ ಕೋಡ್ ಭಾಗ. ಪೆಪ್ 343, ಅಂದರೆ ಪೈಥಾನ್ ಭಾಷೆಯ ಸುಧಾರಣೆಗೆ ಬರೆದ ಒಂದು ಪ್ರಸ್ತಾವನೆಯ ಮೂಲಕ ಇದು ಭಾಷೆಗೆ ಬಂತು. 2006ರಲ್ಲಿ ಬಿಡುಗಡೆಯಾದ 2.5 ಆವೃತ್ತಿಯಲ್ಲಿ ಮೊದಲು ಸಿಕ್ಕಿತು. ಒಳಗೆ ಹೋಗುವಾಗ ಎಂಟರ್ ಮೆಥಡ್ ಓಡುತ್ತದೆ, ಹೊರಗೆ ಬರುವಾಗ ಎಕ್ಸಿಟ್ ಓಡುತ್ತದೆ. ನಡುವೆ ಎಕ್ಸೆಪ್ಶನ್, ಅಂದರೆ ದೋಷ ಬಂದರೂ ಎಕ್ಸಿಟ್ ತಪ್ಪುವುದಿಲ್ಲ. ಈ ಎರಡು ಮೆಥಡ್ ಇರುವ ಆಬ್ಜೆಕ್ಟನ್ನೇ ಕಾಂಟೆಕ್ಸ್ಟ್ ಮ್ಯಾನೇಜರ್ ಅನ್ನುತ್ತೇವೆ. ಇಷ್ಟು ಎಲ್ಲ ಪಾಠಗಳಲ್ಲೂ ಇರುತ್ತದೆ. ಆದರೆ ಆ ಆಬ್ಜೆಕ್ಟನ್ನು ಇನ್ನೊಂದು ಸಲ ಬಳಸಬಹುದಾ ಅನ್ನುವುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಒಂದು ವಿತ್ ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ಅದೇ ಆಬ್ಜೆಕ್ಟನ್ನು ಇನ್ನೊಂದು ವಿತ್‌ಗೆ ಕೊಟ್ಟರೆ ಏನಾಗುತ್ತದೆ? ಇವತ್ತಿನ ಮಾತೆಲ್ಲ ಇದರ ಬಗ್ಗೆಯೇ.

ನಮ್ಮ ಭಾಗದ ಒಂದು ಉದಾಹರಣೆ ತಗೊಳ್ಳೋಣ. ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಬರುತ್ತದೆ. ಕಡ್ಡಿ, ಡಬ್ಬಿ ಅಂತ ಬೇರೆ ಬೇರೆ ಲಾಟ್. ಒಂದು ದಲಾಲಿ ಅಂಗಡಿಗೆ ನೀವು ರೈತರ ಮಾರಾಟದ ಪಟ್ಟಿ ಬರೆಯುವ ಪ್ರೋಗ್ರಾಂ ಮಾಡುತ್ತಿದ್ದೀರಿ ಅಂದುಕೊಳ್ಳಿ. ಹಣವನ್ನು ಸಾಮಾನ್ಯವಾಗಿ ಪೂರ್ತಿ ರೂಪಾಯಿಗೆ ಸರಿ ಮಾಡಬೇಕು. ಕೆಲವು ಲೆಕ್ಕಕ್ಕೆ ಮಾತ್ರ ಪೈಸೆ ತನಕ ಬೇಕು. ಅದಕ್ಕೆ ‘ಪೈಸೆ ಲೆಕ್ಕ’ ಅಂತ ಒಂದು ಕ್ಲಾಸ್ ಬರೆಯುತ್ತೀರಿ. ಎಂಟರ್‌ನಲ್ಲಿ ಈಗಿನ ಸೆಟ್ಟಿಂಗನ್ನು ಆಬ್ಜೆಕ್ಟಿನ ‘ಹಳೆಯದು’ ಅನ್ನುವ ಆಟ್ರಿಬ್ಯೂಟ್‌ನಲ್ಲಿ ಇಟ್ಟು, ಸೆಟ್ಟಿಂಗನ್ನು ಪೈಸೆಗೆ ಬದಲಿಸುತ್ತೀರಿ. ಎಕ್ಸಿಟ್‌ನಲ್ಲಿ ‘ಹಳೆಯದು’ ಏನಿತ್ತೋ ಅದನ್ನೇ ವಾಪಸ್ ಹಾಕುತ್ತೀರಿ. ಓದಿದರೆ ಎಲ್ಲ ಸರಿ ಇದೆ. ಒಂದಾದ ಮೇಲೊಂದು ಬಳಸಿದರೆ ಕೆಲಸವೂ ಸರಿಯಾಗಿ ಆಗುತ್ತದೆ.

ಈಗ ಲಾಟ್ ಲೆಕ್ಕ ಮಾಡುವ ಫಂಕ್ಷನ್ ಒಂದು ವಿತ್ ತೆರೆದಿದೆ. ಒಳಗಿಂದ ಹಮಾಲಿ ಲೆಕ್ಕದ ಫಂಕ್ಷನ್ ಕರೆಯುತ್ತದೆ. ಅದನ್ನು ಬೇರೆಯವರು ಬರೆದಿದ್ದಾರೆ. ಅವರಿಗೂ ಪೈಸೆ ಬೇಕು, ಅವರೂ ಅದೇ ಆಬ್ಜೆಕ್ಟ್ ಮೇಲೆ ವಿತ್ ತೆರೆಯುತ್ತಾರೆ. ಮೊದಲ ಎಂಟರ್‌ನಲ್ಲಿ ‘ಹಳೆಯದು’ ಅಂದರೆ ರೂಪಾಯಿ. ಎರಡನೇ ಎಂಟರ್ ಅದರ ಮೇಲೆಯೇ ಪೈಸೆ ಅಂತ ಬರೆದುಬಿಡುತ್ತದೆ. ಒಳಗಿನ ಎಕ್ಸಿಟ್ ಪೈಸೆಯನ್ನೇ ವಾಪಸ್ ಹಾಕುತ್ತದೆ, ಹೊರಗಿನ ಎಕ್ಸಿಟ್ ಕೂಡ ಪೈಸೆಯನ್ನೇ ಹಾಕುತ್ತದೆ. ರೂಪಾಯಿ ಸೆಟ್ಟಿಂಗ್ ಎಲ್ಲೂ ಉಳಿದಿಲ್ಲ. ಆಮೇಲೆ ಬರುವ ಪ್ರತಿಯೊಬ್ಬ ರೈತನ ಪಟ್ಟಿಯೂ ತಪ್ಪು ಸೆಟ್ಟಿಂಗ್‌ನಲ್ಲೇ ಛಾಪಾಗುತ್ತದೆ. ಯಾವ ದೋಷದ ಸಂದೇಶವೂ ಬರುವುದಿಲ್ಲ. ನನಗೆ ಅತಿ ಭಯ ಹುಟ್ಟಿಸುವುದು ಇದೇ. ಪ್ರೋಗ್ರಾಂ ನಿಂತುಹೋದರೆ ಯಾರಾದರೂ ಫೋನ್ ಮಾಡುತ್ತಾರೆ, ಸುಮ್ನೆ ತಪ್ಪು ಲೆಕ್ಕ ಕೊಡುತ್ತಾ ಹೋದರೆ ಯಾರಿಗೆ ಗೊತ್ತಾಗಬೇಕು?

ಹೀಗೆ ಒಂದಾದ ಮೇಲೊಂದು ಬಳಸಬಹುದಾದದ್ದು ರೀಯೂಸಬಲ್. ಒಂದರೊಳಗೆ ಒಂದು ಬಳಸಿದರೂ ಕೆಡದಿದ್ದರೆ ಅದು ರೀಎಂಟ್ರೆಂಟ್. ಎರಡೂ ಬೇರೆ ಬೇರೆ. ನಮ್ಮ ಪೈಸೆ ಲೆಕ್ಕ ಮೊದಲನೆಯ ಗುಂಪಿಗೆ ಸೇರಿದ್ದು, ಎರಡನೆಯದಕ್ಕೆ ಸೇರಿದ್ದಲ್ಲ.

ಸರಿ ಮಾಡುವುದು ಕಷ್ಟವಿಲ್ಲ. ‘ಹಳೆಯದು’ ಒಂದೇ ಬೆಲೆಯ (ವ್ಯಾಲ್ಯೂ) ಬದಲು ಒಂದು ಲಿಸ್ಟ್ ಆಗಲಿ. ಎಂಟರ್‌ನಲ್ಲಿ ಅಪೆಂಡ್, ಎಕ್ಸಿಟ್‌ನಲ್ಲಿ ಪಾಪ್. ಗೋದಾಮಿನಲ್ಲಿ ಚೀಲ ಒಟ್ಟಿದ ಹಾಗೆ, ಕೊನೆಗೆ ಇಟ್ಟದ್ದು ಮೊದಲು ಹೊರಗೆ ಬರುತ್ತದೆ. ಪೈಥಾನ್ ಜೊತೆಗೇ ಬರುವ ಕಾಂಟೆಕ್ಸ್ಟ್‌ಲಿಬ್ ಮಾಡ್ಯೂಲ್ ತೆರೆದು, ಪ್ರೋಗ್ರಾಮಿನ ಔಟ್‌ಪುಟ್ಟನ್ನು ಬೇರೆ ಕಡೆ ತಿರುಗಿಸುವ ರಿಡೈರೆಕ್ಟ್ ಎಸ್‌ಟಿಡಿಔಟ್ ಹೇಗೆ ಬರೆದಿದ್ದಾರೆ ನೋಡಿ. ಅಲ್ಲಿರುವುದು ಇಂಥದ್ದೇ ಲಿಸ್ಟ್. ಕೋಡ್ ಕೆಲವೇ ಸಾಲು, ಇವತ್ತೇ ಓದಿ. ಒಂದು ಎಚ್ಚರಿಕೆ ಮಾತ್ರ: ಎಂಟರ್ ಅರ್ಧದಲ್ಲಿ ಎಕ್ಸೆಪ್ಶನ್ ಎಸೆದರೆ ಪೈಥಾನ್ ಎಕ್ಸಿಟ್ ಕರೆಯುವುದಿಲ್ಲ. ಬದಲಾವಣೆ ಸರಿಯಾಗಿ ಆದ ಮೇಲೆ ಹಳೆಯ ಬೆಲೆಯನ್ನು ಲಿಸ್ಟಿಗೆ ಸೇರಿಸಿ. ಇಲ್ಲದಿದ್ದರೆ ಲಿಸ್ಟಿನಲ್ಲಿ ಯಾರೂ ತೆಗೆಯದ ಒಂದು ಬೆಲೆ ಉಳಿದುಬಿಡುತ್ತದೆ.

ಎಲ್ಲವನ್ನೂ ಹೀಗೇ ಬರೆಯಬೇಕಾ? ಬೇಡ. ತೆರೆದ ಫೈಲ್ ಒಂದೇ ಸಲದ್ದು. ವಿತ್ ಮುಗಿದ ಮೇಲೆ ಅದನ್ನೇ ಮತ್ತೆ ವಿತ್‌ಗೆ ಕೊಟ್ಟರೆ ಫೈಲ್ ಮುಚ್ಚಿದೆ ಅಂತ ವ್ಯಾಲ್ಯೂ ಎರರ್ ಬರುತ್ತದೆ. ತಕ್ಷಣ ತಿಳಿಯುತ್ತದೆ, ಒಳ್ಳೆಯದೇ. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ. ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಥ್ರೆಡಿಂಗ್‌ನ ಲಾಕ್ ರೀಯೂಸಬಲ್, ಆದರೆ ಅದೇ ಥ್ರೆಡ್ ಅದನ್ನು ಎರಡನೇ ಸಲ ಹಿಡಿಯಲು ಹೋದರೆ ಅಲ್ಲೇ ಶಾಶ್ವತವಾಗಿ ನಿಂತುಬಿಡುತ್ತದೆ. ಆರ್‌ಲಾಕ್ ಅನ್ನುವ ಇನ್ನೊಂದು ಬಗೆಯ ಲಾಕ್ ತನ್ನನ್ನು ಯಾವ ಥ್ರೆಡ್ ಹಿಡಿದಿದೆ, ಎಷ್ಟು ಸಲ ಹಿಡಿದಿದೆ ಎಂದು ಎಣಿಸಿಕೊಳ್ಳುತ್ತದೆ. ಹಾಗಾಗಿ ಅದು ರೀಎಂಟ್ರೆಂಟ್. ಹಲವು ಕಾಂಟೆಕ್ಸ್ಟ್ ಮ್ಯಾನೇಜರ್‌ಗಳನ್ನು ಸೇರಿಸಿಟ್ಟು ಕೊನೆಗೆ ಮುಚ್ಚುವ ಎಕ್ಸಿಟ್‌ಸ್ಟ್ಯಾಕ್ ಹೆಸರಿನಲ್ಲೇ ಸ್ಟ್ಯಾಕ್ ಇದೆ, ಆದರೂ ಒಂದೇ ಆಬ್ಜೆಕ್ಟನ್ನು ಒಳಗೊಳಗೆ ಬಳಸಿದರೆ ಒಳಗಿನ ವಿತ್ ಮುಗಿಯುವಾಗಲೇ ಹೊರಗಿನವರು ಸೇರಿಸಿದ್ದನ್ನೂ ಮುಚ್ಚಿಬಿಡುತ್ತದೆ.

ಡೇಟಾಬೇಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಕೂತವರಲ್ಲಿ ಹಲವರು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರು. ಪೈಥಾನ್‌ನ ಎಸ್‌ಕ್ಯೂಲೈಟ್ ಕನೆಕ್ಷನನ್ನು ವಿತ್ ಜೊತೆ ಬಳಸಿದರೆ, ಸರಿಯಾಗಿ ಮುಗಿದಾಗ ಕಮಿಟ್ (ಬದಲಾವಣೆ ಖಾಯಂ), ಎಕ್ಸೆಪ್ಶನ್ ಬಂದಾಗ ರೋಲ್‌ಬ್ಯಾಕ್ (ಬದಲಾವಣೆ ರದ್ದು). ಕನೆಕ್ಷನ್ ಮುಚ್ಚುವುದಿಲ್ಲ, ಆದ್ದರಿಂದ ಮತ್ತೆ ಮತ್ತೆ ಬಳಸಬಹುದು. ಆದರೆ ಒಳಗೊಳಗೆ ಬಳಸಿ ನೋಡಿ. ಒಳಗಿನ ವಿತ್ ಮುಗಿದ ಕೂಡಲೇ ಹೊರಗಿನ ಅರ್ಧ ಕೆಲಸವೂ ಕಮಿಟ್ ಆಗಿಬಿಡುತ್ತದೆ. ಆಮೇಲೆ ಹೊರಗಿನದು ಸೋತರೂ ಆ ಅರ್ಧವನ್ನು ವಾಪಸ್ ತರಲು ಆಗುವುದಿಲ್ಲ. ಲಾಟ್ ಮಾರಾಟ ದಾಖಲಾಗಿದೆ, ರೈತನ ಖಾತೆಗೆ ಜಮೆ ಇಲ್ಲ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋದ ಅಟಾಮಿಕ್ ಈ ತೊಂದರೆಯನ್ನು ಚೆನ್ನಾಗಿ ಬಿಡಿಸಿದೆ. ಒಳಗಿನ ಪ್ರತಿ ವಿತ್‌ಗೂ ಅದು ಸಾಮಾನ್ಯವಾಗಿ ಒಂದು ಸೇವ್‌ಪಾಯಿಂಟ್, ಅಂದರೆ ಬೇಕಾದರೆ ಅಲ್ಲಿಗೆ ವಾಪಸ್ ಹೋಗಬಹುದಾದ ಗುರುತು ಹಾಕುತ್ತದೆ. ಆ ಸೇವ್‌ಪಾಯಿಂಟ್‌ಗಳ ಪಟ್ಟಿಯನ್ನು ತನ್ನ ಆಬ್ಜೆಕ್ಟ್‌ನಲ್ಲಿ ಇಟ್ಟುಕೊಳ್ಳದೆ ಕನೆಕ್ಷನ್ ಮೇಲೆಯೇ ಇಡುತ್ತದೆ. ನೆನಪು ಯಾರದ್ದೋ ಅವರ ಬಳಿಯೇ ಇದೆ. ವಿನ್ಯಾಸ ಮಾಡುವಾಗ ನಾನು ಮೊದಲು ನೋಡುವುದೇ ಇದನ್ನು: ಹಳೆಯ ಸ್ಥಿತಿ ಎಲ್ಲಿ ಕೂತಿದೆ, ಅದು ನಿಜವಾಗಿ ಯಾರಿಗೆ ಸೇರಿದ್ದು?

ಲಿಸ್ಟ್ ಇಟ್ಟ ಕೂಡಲೇ ಥ್ರೆಡ್‌ಗಳ ಕಾಟ ತಪ್ಪಿತು ಅಂದುಕೊಳ್ಳಬೇಡಿ. ಹಲವು ಟಾಸ್ಕ್‌ಗಳು ಸರದಿಯಂತೆ ಓಡುವ ಅಸಿಂಕ್ ಕೋಡ್‌ನಲ್ಲೂ ಅಷ್ಟೇ. ಟಾಸ್ಕ್ ಎ ಒಳಗೆ ಹೋಯಿತು, ಟಾಸ್ಕ್ ಬಿ ಒಳಗೆ ಹೋಯಿತು, ಆಮೇಲೆ ಎ ಮೊದಲು ಹೊರಗೆ ಬಂತು. ಪಾಪ್ ಮಾಡಿದಾಗ ಅದಕ್ಕೆ ಸಿಗುವುದು ಬಿ ಇಟ್ಟ ಬೆಲೆ. ರೀಎಂಟ್ರೆಂಟ್ ಆಗಿದ್ದರೆ ಥ್ರೆಡ್‌ಸೇಫ್ (ಹಲವು ಥ್ರೆಡ್ ಬಳಸಿದರೂ ಕೆಡದ್ದು) ಆಗಿಯೇ ಇರುತ್ತದೆ ಅಂತ ಏನೂ ಇಲ್ಲ. ರಿಡೈರೆಕ್ಟ್ ಎಸ್‌ಟಿಡಿಔಟ್ ಇದಕ್ಕೆ ಸಾಕ್ಷಿ, ಅದು ಇಡೀ ಪ್ರೋಗ್ರಾಮಿನ ಔಟ್‌ಪುಟ್ಟನ್ನೇ ತಿರುಗಿಸುತ್ತದೆ. ಟಾಸ್ಕ್‌ಗೊಂದು ಸೆಟ್ಟಿಂಗ್ ಬೇಕಾದರೆ ಪೈಥಾನ್ 3.7ರಲ್ಲಿ ಬಂದ ಕಾಂಟೆಕ್ಸ್ಟ್‌ವಾರ್ಸ್ ಮಾಡ್ಯೂಲ್ ಬಳಸಿ. ಅದರಲ್ಲಿ ಸೆಟ್ ಮಾಡಿದರೆ ಒಂದು ಟೋಕನ್ ಸಿಗುತ್ತದೆ. ಆ ಟೋಕನ್ ಕೊಟ್ಟರೆ ಹಳೆಯ ಬೆಲೆ ವಾಪಸ್ ಬರುತ್ತದೆ.

ಆ ಟೋಕನ್ ಎಲ್ಲಿಡಬೇಕು? ಇಲ್ಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೆಚ್ಚಿನ ಕಡೆ ರೀಎಂಟ್ರೆಂಟ್ ಆಬ್ಜೆಕ್ಟ್ ಬೇಕೇ ಆಗುವುದಿಲ್ಲ, ಪ್ರತಿ ವಿತ್‌ಗೂ ಹೊಸ ಆಬ್ಜೆಕ್ಟ್ ಕೊಡುವ ಒಂದು ಫಂಕ್ಷನ್ ಸಾಕು. ಕಾಂಟೆಕ್ಸ್ಟ್‌ಲಿಬ್‌ನ ಕಾಂಟೆಕ್ಸ್ಟ್‌ಮ್ಯಾನೇಜರ್ ಡೆಕೊರೇಟರ್ ಹಾಕಿ ಯೀಲ್ಡ್ ಇರುವ ಫಂಕ್ಷನ್ ಬರೆಯಿರಿ; ಯೀಲ್ಡ್‌ಗೆ ಮೊದಲಿನದು ಎಂಟರ್, ಆಮೇಲಿನದು ಎಕ್ಸಿಟ್. ಹಳೆಯ ಬೆಲೆಯಾಗಲಿ ಟೋಕನ್ ಆಗಲಿ ಅದರ ಲೋಕಲ್ ವೇರಿಯಬಲ್‌ನಲ್ಲಿ ಇರುತ್ತದೆ, ಇನ್ನೊಬ್ಬರು ಅದರ ಮೇಲೆ ಬರೆಯಲು ಆಗುವುದಿಲ್ಲ. ಯೀಲ್ಡ್ ಸುತ್ತ ಟ್ರೈ, ಫೈನಲಿ ಮರೆಯಬೇಡಿ. ಹಾಗೆ ಸಿಕ್ಕ ಆಬ್ಜೆಕ್ಟ್ ಒಂದೇ ಸಲಕ್ಕೆ, ಎರಡನೇ ಸಲ ವಿತ್‌ಗೆ ಕೊಟ್ಟರೆ ದೋಷ ಬರುತ್ತದೆ. ಅದರ ಸಂದೇಶ ಅಷ್ಟು ಸ್ಪಷ್ಟವಾಗಿಲ್ಲ ನಿಜ, ಆದರೆ ತಪ್ಪು ಲೆಕ್ಕ ಮುಂದೆ ಹೋಗುವುದಿಲ್ಲ. ಕ್ಲಾಸ್ ಬರೆಯಲೇಬೇಕಾಗಿ ಬಂದು, ಅದು ರೀಎಂಟ್ರೆಂಟ್ ಆಗದಿದ್ದರೆ, ಎಂಟರ್‌ನಲ್ಲೇ ‘ಈಗಾಗಲೇ ಬಳಕೆಯಲ್ಲಿದೆ’ ಅಂತ ರನ್‌ಟೈಮ್ ಎರರ್ ಎಸೆಯಿರಿ. ಡಾಕ್‌ಸ್ಟ್ರಿಂಗ್‌ನಲ್ಲೂ, ಅಂದರೆ ಕ್ಲಾಸಿನ ವಿವರಣೆಯಲ್ಲೂ ಒಂದು ಸಾಲು ಬರೆಯಿರಿ.

ಕೊನೆಗೆ ಟೆಸ್ಟ್. ನಿಮ್ಮ ಮ್ಯಾನೇಜರನ್ನು ಒಂದಾದ ಮೇಲೊಂದು ಎರಡು ಸಲ ಓಡಿಸಿ. ಆಮೇಲೆ ಒಂದರೊಳಗೊಂದು ಓಡಿಸಿ, ಎರಡೂ ಮುಗಿದ ಮೇಲೆ ಸೆಟ್ಟಿಂಗ್ ಮೊದಲಿನಂತಿದೆಯಾ ನೋಡಿ. ಮತ್ತೆ ಒಳಗಿನ ವಿತ್‌ನಲ್ಲಿ ಬೇಕಂತಲೇ ಎಕ್ಸೆಪ್ಶನ್ ಎಸೆದು, ಅದನ್ನು ಹೊರಗಿನ ವಿತ್ ಒಳಗೇ ಹಿಡಿದು, ಆ ಕ್ಷಣದಲ್ಲಿ ಸೆಟ್ಟಿಂಗ್ ಏನಿದೆ ಅಂತ ಪರೀಕ್ಷಿಸಿ. ಹೆಚ್ಚಿನವರು ಬಿಡುವುದು ಈ ಕೊನೆಯ ಟೆಸ್ಟನ್ನೇ. ಲ್ಯಾಪ್‌ಟಾಪ್ ತಂದವರು ಈಗಲೇ ತೆರೆಯಿರಿ, ಇದನ್ನು ಒಟ್ಟಿಗೆ ಬರೆಯೋಣ.